ಬೇರಿನ ಗೋಡೆ ಕಟ್ಟೋದು ಯಾರು?

1/5
ಜೋರು ಮಳೆಗಾಲದಲ್ಲಿ ಒಂದು ವಿಷಯ ಗಮನಿಸಿದ್ದೀರಾ? ಭತ್ತ ವಾರಗಟ್ಟಲೆ ನೀರಲ್ಲೇ ನಿಂತರೂ ಹಸಿರಾಗಿರುತ್ತೆ. ಅಷ್ಟೇ ನೀರು ಮೆಕ್ಕೆಜೋಳದ ಹೊಲದಲ್ಲಿ ನಿಂತರೆ ಕೆಲವೇ ದಿನಕ್ಕೆ ಗಿಡ ಹಳದಿ ತಿರುಗುತ್ತೆ. ಎರಡೂ ಹುಲ್ಲಿನ ಕುಟುಂಬದವೇ! ವ್ಯತ್ಯಾಸದ ದೊಡ್ಡ ಪಾಲು ಬೇರಿನೊಳಗೆ ಅಡಗಿದೆ. ಅದು ಗೊತ್ತಾಗಿದ್ದು ಹೇಗೆ ಅಂತ ಇವತ್ತು ನೋಡೋಣ.

2/5
1865. ಜರ್ಮನಿಯ ಸಸ್ಯವಿಜ್ಞಾನಿ ರಾಬರ್ಟ್ ಕ್ಯಾಸ್ಪರಿ ಬೇರಿನ ಒಳಪದರದ ಕೋಶಗಳ ಸುತ್ತ ಒಂದು ಪಟ್ಟಿಯನ್ನು ಗುರುತಿಸಿದರು. ಪಿಯುಸಿಯಲ್ಲಿ ಓದ್ತೀವಲ್ಲ, ಕ್ಯಾಸ್ಪೇರಿಯನ್ ಪಟ್ಟಿ, ಅದೇ ಇದು. ಕೋಶ ಕೋಶಗಳ ನಡುವಿನ ಸಂದನ್ನು ಇದು ಮುಚ್ಚಿಬಿಡುತ್ತೆ. ಹಾಗಾಗಿ ನೀರು, ಲವಣ ಯಾವುದೇ ಆಗಲಿ, ಸಂದಿಯಿಂದ ನುಸುಳೋ ಹಾಗಿಲ್ಲ. ಕೋಶದ ಬಾಗಿಲಲ್ಲಿ ತಪಾಸಣೆ ಆಗಿಯೇ ಒಳಗೆ ಹೋಗಬೇಕು.

3/5
ಗೋಡೆ ಕಂಡಿತು. ಕಟ್ಟೋರು ಕಾಣಲಿಲ್ಲ. ಅದಕ್ಕೆ ಇನ್ನೂ 146 ವರ್ಷ ಹಿಡೀತು! 2011ರಲ್ಲಿ ಸ್ವಿಟ್ಜರ್ಲೆಂಡಿನ ನಿಕೊ ಗೆಲ್ಡ್ನರ್ ಅವರ ತಂಡ, ಸಾಸಿವೆ ಕುಟುಂಬದ ಅರಾಬಿಡಾಪ್ಸಿಸ್ ಅನ್ನೋ ಪುಟ್ಟ ಗಿಡದಲ್ಲಿ 5 ಪ್ರೋಟೀನುಗಳನ್ನು ಪತ್ತೆ ಮಾಡಿತು. ಹೆಸರು ‘ಕ್ಯಾಸ್ಪ್’. ಪಟ್ಟಿ ಎಲ್ಲಿ ಬರಬೇಕು ಅಂತ ಜಾಗ ಗುರುತು ಹಾಕೋದು ಇವೇ. 2019ರಲ್ಲಿ ಭತ್ತದಲ್ಲೂ ಇದೇ ಕುಟುಂಬದ ಜೀನ್ ಇದೇ ಕೆಲಸ ಮಾಡೋದು ತಿಳಿಯಿತು.

4/5
ಆದರೆ ನಿಂತ ನೀರಿನಿಂದ ಭತ್ತವನ್ನು ಕಾಯೋದು ಇನ್ನೊಂದು ಗೋಡೆ, ಬೇರಿನ ಹೊರಭಾಗದ್ದು. ಕೆಸರಲ್ಲಿ ಆಮ್ಲಜನಕ ಇರೋದೇ ಕಮ್ಮಿ. ಭತ್ತ ಮೇಲಿಂದ ಗಾಳಿಯನ್ನು ಬೇರಿನ ತುದಿಗೆ ಇಳಿಸುತ್ತೆ. ದಾರಿಯಲ್ಲೇ ಸೋರಿದರೆ ತುದಿಗೆ ಉಸಿರಿಲ್ಲ. ಸೋರದ ಹಾಗೆ ತಡೆಯೋ ಪದರದಲ್ಲಿ ಸುಬೆರಿನ್ ಇರುತ್ತೆ. ಬಾಟಲಿಯ ಬಿರಡೆ ಮಾಡ್ತಾರಲ್ಲ ಆ ಕಾರ್ಕಿನಲ್ಲಿ ಇರೋದೂ ಇದೇ. 2014ರಲ್ಲಿ ಜಪಾನಿನ ವಿಜ್ಞಾನಿಗಳು ಇದರ ಹಿಂದಿನ ಒಂದು ಜೀನನ್ನು ತೋರಿಸಿದರು: ಆರ್‌ಸಿಎನ್1. ತೆಂಡೆ ಕಮ್ಮಿ ಒಡೆಯೋ ಭತ್ತದಿಂದಾಗಿ ಅದಕ್ಕೆ ಆ ಹೆಸರು ಬಂದಿತ್ತು. ಬೇರಲ್ಲೂ ಅದಕ್ಕೆ ಕೆಲಸ ಇದೆ ಅಂತ ಆಗ ಗೊತ್ತಾಯ್ತು. ಅದು ಕೆಟ್ಟ ಗಿಡ ನಿಂತ ನೀರಲ್ಲಿ ಈ ಗೋಡೆಯನ್ನೇ ಕಟ್ಟಲಿಲ್ಲ. ಬೇರೂ ಗಿಡ್ಡವಾಯ್ತು.

5/5
ಹಾಗಾದರೆ ಮೆಕ್ಕೆಜೋಳದ ಗತಿ? ಅದಕ್ಕೊಬ್ಬ ಕಾಡು ದಾಯಾದಿ ಇದ್ದಾನೆ. ಮಧ್ಯ ಅಮೆರಿಕದ ನಿಕರಾಗುವಾ ದೇಶದ ಕರಾವಳಿಯಲ್ಲಿ, ನೀರು ನಿಲ್ಲೋ ಚಿಕ್ಕ ಪ್ರದೇಶದಲ್ಲಷ್ಟೇ ಬೆಳೆಯೋ ಹುಲ್ಲು. ಅದರ ಬೇರು ಈ ಗೋಡೆ ಕಟ್ಟುತ್ತೆ ಅಂತ 2012ರಲ್ಲಿ ವರದಿಯಾಯ್ತು. 2017ರ ಹೊತ್ತಿಗೆ ಅಡ್ಡತಳಿ ಮಾಡಿ ಅದರ 3ನೇ ಕ್ರೋಮೋಸೋಮಿನ ತುಣುಕನ್ನು ಮೆಕ್ಕೆಜೋಳಕ್ಕೆ ತಂದಾಗ, ಅದರ ಬೇರಲ್ಲೂ ಗೋಡೆ ಎದ್ದಿತು! ಇದೊಂದರಿಂದಲೇ ಮೆಕ್ಕೆಜೋಳ ಭತ್ತ ಆಗಲ್ಲ, ನಿಜ. ಆದರೆ ಅತಿವೃಷ್ಟಿಗೆ ಬೆಳೆ ಕಳ್ಕೊಳ್ಳೋ ದಾವಣಗೆರೆ, ಹಾವೇರಿ ಕಡೆಯ ರೈತರಿಗೂ ಇದು ಸಂಬಂಧಪಟ್ಟ ವಿಷಯವೇ.

ಈಗ ಯೋಚಿಸಿ. ಆ ಹುಲ್ಲನ್ನು ಯಾರೋ ‘ಬರೀ ಕಳೆ’ ಅಂತ ಪೂರ್ತಿ ಕಿತ್ತು ಹಾಕಿದ್ದರೆ? ಗೋಡೆ ಕಟ್ಟೋ ಆ ವಿದ್ಯೆಯೂ ಅದರ ಜೊತೆಗೇ ಹೋಗ್ತಿತ್ತು.

ನಿಮ್ಮೂರಲ್ಲಿ ನೀರು ನಿಂತರೂ ಸಾಯದ ಬೆಳೆ ಯಾವುದು? ಮನೇಲಿ ಅಜ್ಜ-ಅಜ್ಜಿಯನ್ನ ಕೇಳಿ, ಕಾಮೆಂಟಲ್ಲಿ ಬರೀರಿ 🌾

#ಬೇರಿನಕಥೆ #ವಿಜ್ಞಾನದಇತಿಹಾಸ #ಕನ್ನಡದಲ್ಲಿವಿಜ್ಞಾನ