ತವರಿನಂಗಳದ ಪ್ರಶ್ನೆ

1934ರ ಮೇ 24ರಂದು ರೋಮ್ ನಗರದಲ್ಲಿ ಅಮೆರಿಕ ಮತ್ತು ಮೆಕ್ಸಿಕೊ ತಂಡಗಳು ವಿಶ್ವಕಪ್ ಫುಟ್‌ಬಾಲ್‌ನ ಅರ್ಹತಾ ಪಂದ್ಯವೊಂದನ್ನು ಆಡಿದವು. ಗಡಿ ಹಂಚಿಕೊಂಡ ಎರಡು ದೇಶಗಳು ತಮ್ಮಲ್ಲಿ ಯಾರು ಮೇಲೆಂದು ತೀರ್ಮಾನಿಸಿಕೊಳ್ಳಲು ಅಟ್ಲಾಂಟಿಕ್ ಸಾಗರ ದಾಟಿ ಬಂದಿದ್ದವು. ಅಮೆರಿಕ 4–2ರಿಂದ ಗೆದ್ದಿತು. ಮೂರು ದಿನಗಳ ಬಳಿಕ ಅಲ್ಲೇ ಆರಂಭವಾದ ವಿಶ್ವಕಪ್‌ನಲ್ಲಿ ಒಂದು ಪಂದ್ಯವನ್ನೂ ಆಡದೆ ಮೆಕ್ಸಿಕೊ ಬಂದ ದಾರಿ ಹಿಡಿಯಿತು. ಅರ್ಹತಾ ಸುತ್ತು ಎಂಬುದು ಹುಟ್ಟಿದ್ದೇ ಆ ವರ್ಷ; 1930ರ ಮೊದಲ ವಿಶ್ವಕಪ್‌ಗೆ ಅದು ಇರಲಿಲ್ಲ. ಆತಿಥೇಯ ಇಟಲಿಯೂ ಅರ್ಹತೆ ಗಳಿಸಬೇಕಿತ್ತು. ಅದು ಮಿಲಾನ್‌ನಲ್ಲಿ ಗ್ರೀಸನ್ನು 4–0ರಿಂದ ಸೋಲಿಸಿತು, ಗ್ರೀಸಿನಲ್ಲಿ ನಡೆಯಬೇಕಿದ್ದ ಮರುಪಂದ್ಯ ನಡೆಯಲೇ ಇಲ್ಲ. ಎಲ್ಲಿ ಆಡಬೇಕು, ಯಾವಾಗ ಆಡಬೇಕು ಎಂಬ ಎರಡು ಪ್ರಶ್ನೆಗಳಿಗೆ ಆಗ ಇದ್ದ ಉತ್ತರ ಅನುಕೂಲ ಒಂದೇ. ಅಲ್ಲಿಂದೀಚಿನ ತೊಂಬತ್ತು ವರ್ಷಗಳಲ್ಲಿ ಈ ಕ್ಷೇತ್ರ ಬಹಳ ದೂರ ಬಂದಿದೆ. ಆದರೆ ಎರಡು ಪ್ರಶ್ನೆಗಳೂ ಒಂದೇ ವೇಗದಲ್ಲಿ ಸಾಗಿಲ್ಲ. ‘ಯಾವಾಗ’ ಎಂಬುದನ್ನು ಫುಟ್‌ಬಾಲ್ ಆಡಳಿತ ಬಹುಮಟ್ಟಿಗೆ ನಿಯಮಕ್ಕೆ ಒಳಪಡಿಸಿದೆ. ‘ಎಲ್ಲಿ’ ಎಂಬುದನ್ನು, ಅದರಲ್ಲೂ ಕಷ್ಟದ ಸಂದರ್ಭಗಳಲ್ಲಿ, ಇಂದಿಗೂ ಅಧಿಕಾರದಲ್ಲಿರುವವರ ವಿವೇಚನೆಗೇ ಬಿಟ್ಟಿದೆ. ಅನ್ಯಾಯಗಳು ಹುಟ್ಟುತ್ತಿರುವುದು ಈ ಅಂತರದಿಂದ.

ಮೊದಲು ಯಶಸ್ಸಿನ ಮಾತು. ‘ಒಮ್ಮೆ ನಿನ್ನ ಮನೆ, ಒಮ್ಮೆ ನನ್ನ ಮನೆ’ ಎಂಬ ಸೂತ್ರ ಫುಟ್‌ಬಾಲ್ ಕಂಡುಕೊಂಡ ಅತ್ಯಂತ ಪ್ರಾಮಾಣಿಕ ಸೂತ್ರ. ಮೈದಾನಗಳೆಲ್ಲ ಸಮಾನ ಎಂದು ಅದು ನಟಿಸುವುದಿಲ್ಲ. ಅಸಮಾನತೆಯನ್ನು ಒಪ್ಪಿಕೊಂಡು, ಇಬ್ಬರಿಗೂ ಅದನ್ನು ಸಮನಾಗಿ ಹಂಚುತ್ತದೆ. 2015ರ ಜೂನ್‌ನಲ್ಲಿ ಪುಟ್ಟ ದ್ವೀಪ ಗುವಾಮ್‌ಗೆ ಹೋಗಿ 1–2ರಿಂದ ಸೋತ ಭಾರತ, ಅದೇ ನವೆಂಬರ್‌ನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಅದೇ ತಂಡವನ್ನು 1–0ರಿಂದ ಸೋಲಿಸಿತು. ದಕ್ಷಿಣ ಅಮೆರಿಕದಲ್ಲಿ 1996ರಿಂದ ಈ ಸೂತ್ರ ಪೂರ್ಣ ರೂಪದಲ್ಲಿದೆ. ಅಲ್ಲಿ ಎಲ್ಲರೂ ಎಲ್ಲರ ಮನೆಗೆ ಹೋಗಬೇಕು, ಎಲ್ಲರನ್ನೂ ತಮ್ಮ ಮನೆಗೆ ಕರೆಯಬೇಕು. ಈ ಚೌಕಟ್ಟಿನೊಳಗೆ ತಾಣದ ಆಯ್ಕೆ ಒಂದು ತಂತ್ರವಾಗಿ ಬೆಳೆಯಿತು. ಕೊಲಂಬಿಯಾದ ರಾಜಧಾನಿ ಬೊಗೊಟಾ 2,600 ಮೀಟರ್ ಎತ್ತರದಲ್ಲಿದೆ. ಆದರೂ ತಂಡ ಆರಿಸಿಕೊಳ್ಳುವುದು ಸಮುದ್ರ ಮಟ್ಟದ ಬರಾಂಕಿಯಾವನ್ನು, ಅಲ್ಲಿನ ಬೆವರಿಳಿಸುವ ಸೆಕೆಯನ್ನು. ಅಮೆರಿಕ ಇದಕ್ಕೆ ವಿರುದ್ಧವಾಗಿ ಚಳಿಯನ್ನು ಆಯುಧ ಮಾಡಿಕೊಂಡಿತು. 2022ರ ಫೆಬ್ರವರಿಯಲ್ಲಿ ಉಷ್ಣ ಪ್ರದೇಶದ ಹೊಂಡುರಾಸ್ ತಂಡವನ್ನು ಮಿನ್ನೆಸೋಟದ ಸೇಂಟ್ ಪಾಲ್‌ಗೆ ಕರೆಸಿ, ಶೂನ್ಯಕ್ಕಿಂತ ಬಹಳ ಕೆಳಗಿನ ತಾಪಮಾನದಲ್ಲಿ ಆಡಿಸಿ 3–0ರಿಂದ ಗೆದ್ದಿತು. ಹೊಂಡುರಾಸ್‌ನ ಆಟಗಾರರಲ್ಲಿ ಕೆಲವರು ಚಳಿ ತಾಳಲಾರದೆ ವಿರಾಮದ ಬಳಿಕ ಮೈದಾನಕ್ಕೆ ಮರಳಲಿಲ್ಲ. 2013ರ ಮಾರ್ಚ್‌ನಲ್ಲಿ ಕೊಲರಾಡೊದಲ್ಲಿ ಹಿಮ ಸುರಿಯುತ್ತಿದ್ದಾಗಲೇ ಅಮೆರಿಕ–ಕೋಸ್ಟರಿಕಾ ಪಂದ್ಯ ನಡೆದು, ಅಮೆರಿಕ 1–0ರಿಂದ ಗೆದ್ದಿತ್ತು. ಕೋಸ್ಟರಿಕಾದ ದೂರನ್ನು ಫಿಫಾ ತಳ್ಳಿಹಾಕಿತು. ಆರು ತಿಂಗಳ ನಂತರ ಸ್ಯಾನ್ ಹೊಸೆಯಲ್ಲಿ ಕೋಸ್ಟರಿಕಾ 3–1ರಿಂದ ಲೆಕ್ಕ ಚುಕ್ತಾ ಮಾಡಿತು. ಸೂತ್ರ ಕೆಲಸ ಮಾಡುವ ಬಗೆ ಇದು.

ಎತ್ತರದ ಮೈದಾನಗಳ ವಿವಾದವೂ ಇದನ್ನೇ ಹೇಳುತ್ತದೆ. ಬೊಲಿವಿಯಾದ ಲಾ ಪಾಸ್ ಸುಮಾರು 3,600 ಮೀಟರ್ ಎತ್ತರದ ಊರು. ಅರ್ಹತಾ ಪಂದ್ಯಗಳಲ್ಲಿ ಅದುವರೆಗೆ ಸೋಲನ್ನೇ ಕಾಣದ ಬ್ರೆಜಿಲ್ 1993ರ ಜುಲೈನಲ್ಲಿ ಮೊದಲ ಬಾರಿ ಸೋತದ್ದು ಅಲ್ಲಿ. 2009ರ ಏಪ್ರಿಲ್‌ನಲ್ಲಿ ಮರಡೋನಾ ತರಬೇತಿಯ ಅರ್ಜೆಂಟಿನಾ 6–1ರಿಂದ ಸೋತದ್ದೂ ಅಲ್ಲಿಯೇ. 2007ರ ಮೇ ತಿಂಗಳಲ್ಲಿ ಫಿಫಾ 2,500 ಮೀಟರಿಗಿಂತ ಎತ್ತರದಲ್ಲಿ ಅಂತರರಾಷ್ಟ್ರೀಯ ಪಂದ್ಯ ಕೂಡದೆಂದಿತು. ಪ್ರತಿಭಟನೆ ಎದ್ದಾಗ ಮಿತಿಯನ್ನು 3,000 ಮೀಟರಿಗೆ ಏರಿಸಿತು, ಲಾ ಪಾಸ್‌ಗೆ ವಿನಾಯಿತಿ ಕೊಟ್ಟಿತು, 2008ರಲ್ಲಿ ನಿಷೇಧವನ್ನೇ ಹಿಂತೆಗೆದುಕೊಂಡಿತು. ಒಂದೇ ವರ್ಷದಲ್ಲಿ ಇಷ್ಟು ಸಲ ಬದಲಾದ ನಿರ್ಧಾರದ ಹಿಂದೆ ತತ್ತ್ವವಿತ್ತೆಂದು ನಂಬುವುದು ಕಷ್ಟ. ಎತ್ತರದ ಗಾಳಿ ಅನ್ಯಾಯವಾದರೆ ಬರಾಂಕಿಯಾದ ಸೆಕೆ, ಸೇಂಟ್ ಪಾಲ್‌ನ ಚಳಿಯೂ ಅನ್ಯಾಯವೇ. ನಾಡಿನ ಜನ ಬದುಕುವ ನೆಲದಲ್ಲಿ ಆ ನಾಡಿನ ತಂಡ ಆಡಬಾರದೆನ್ನುವ ಅಧಿಕಾರ ಯಾರಿಗೂ ಇಲ್ಲ. ಬೊಲಿವಿಯಾ ಈಗ ಇನ್ನೂ ಮೇಲೇರಿ, 4,000 ಮೀಟರ್ ಮೀರಿದ ಎಲ್ ಆಲ್ಟೊದಲ್ಲಿ ಆಡುತ್ತಿದೆ. 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಬ್ರೆಜಿಲನ್ನು 1–0ರಿಂದ ಸೋಲಿಸಿ ಪ್ಲೇಆಫ್‌ಗೆ ಜಾಗ ಗಿಟ್ಟಿಸಿತು. ಬೊಲಿವಿಯಾ ಆಟಗಾರರೂ ಸಮುದ್ರ ಮಟ್ಟಕ್ಕಿಳಿದು ಸೆಕೆಯಲ್ಲಿ ಆಡಬೇಕು ಎನ್ನುವುದನ್ನು ದೂರುವವರು ಮರೆಯುತ್ತಾರೆ.

ದಿನಾಂಕದ ಪ್ರಶ್ನೆ ನಿಯಮಕ್ಕೆ ಒಳಪಟ್ಟಿದ್ದು ಒಂದೊಂದೇ ಏಟು ತಿಂದು. 1982ರ ವಿಶ್ವಕಪ್‌ನಲ್ಲಿ ಅಲ್ಜೀರಿಯಾ ತನ್ನ ಗುಂಪಿನ ಪಂದ್ಯಗಳನ್ನು ಮುಗಿಸಿದ ಮರುದಿನ, ಜೂನ್ 25ರಂದು, ಸ್ಪೇನಿನ ಹಿಹಾನ್‌ನಲ್ಲಿ ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯಾ ಮುಖಾಮುಖಿಯಾದವು. ಜರ್ಮನಿ 1–0ರಿಂದ ಗೆದ್ದರೆ ಇಬ್ಬರೂ ಮುಂದಕ್ಕೆ, ಅಲ್ಜೀರಿಯಾ ಮನೆಗೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಆರಂಭದಲ್ಲೇ ಗೋಲು ಬಂದ ಮೇಲೆ ಉಳಿದ ಹೊತ್ತೆಲ್ಲ ಚೆಂಡನ್ನು ಅತ್ತಿತ್ತ ತಳ್ಳುತ್ತ ಕಳೆಯಿತು. ಗುಂಪಿನ ಕೊನೆಯ ಪಂದ್ಯಗಳು ಒಂದೇ ಹೊತ್ತಿಗೆ ಆರಂಭವಾಗಬೇಕೆಂಬ ನಿಯಮ ಗಟ್ಟಿಯಾದದ್ದು ಆ ಕಹಿ ಅನುಭವದ ಬಳಿಕ. ದಿನಗಳ ದಟ್ಟಣೆ ಏನು ಮಾಡಬಲ್ಲದೆಂದು ತೋರಿಸಿದ್ದು 2001ರ ಏಪ್ರಿಲ್. ಓಷಿಯಾನಿಯಾದ ಒಂದು ಗುಂಪಿನ ಪಂದ್ಯಗಳೆಲ್ಲ ಆಸ್ಟ್ರೇಲಿಯಾದ ಕಾಫ್ಸ್ ಹಾರ್ಬರ್ ಒಂದೇ ಊರಿನಲ್ಲಿ ನಡೆದವು. ಅಮೆರಿಕನ್ ಸಮೋವಾ ಎಂಟು ದಿನಗಳಲ್ಲಿ ನಾಲ್ಕು ಪಂದ್ಯ ಆಡಿ, ಮೂರನೆಯದರಲ್ಲಿ ಆತಿಥೇಯರಿಗೆ 31–0ರಿಂದ ಸೋತಿತು. ಪಾಸ್‌ಪೋರ್ಟ್ ತೊಡಕಿನಿಂದ ಅದರ ಮುಖ್ಯ ಆಟಗಾರರು ಬರಲಾಗಿರಲಿಲ್ಲ ಎಂಬುದು ನಿಜ. ಆದರೂ ಎಲ್ಲವನ್ನೂ ಒಂದೇ ಊರಿನಲ್ಲಿ, ಕೆಲವೇ ದಿನಗಳಲ್ಲಿ ಮುಗಿಸುವ ಏರ್ಪಾಡಿನ ಭಾರ ಬೀಳುವುದು ದುರ್ಬಲರ ಮೇಲೆಯೇ.

ಯುರೋಪಿನಲ್ಲಿ ಬಹುಕಾಲ ಪ್ರತಿ ಗುಂಪಿನ ದೇಶಗಳು ಒಟ್ಟಿಗೆ ಕುಳಿತು ಚೌಕಾಸಿ ಮಾಡಿ ದಿನಾಂಕ ಗೊತ್ತು ಮಾಡಿಕೊಳ್ಳುತ್ತಿದ್ದವು, ಒಮ್ಮತವಾಗದಿದ್ದರೆ ಚೀಟಿ ಎತ್ತುತ್ತಿದ್ದರು. ಆ ಚೌಕಾಸಿಯಲ್ಲಿ ದೊಡ್ಡ ದೇಶದ ದನಿ ಹೆಚ್ಚು ಕೇಳಿಸುತ್ತಿದ್ದುದು ಸಹಜ. 2014ರಿಂದ ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎ ತಾನೇ ವೇಳಾಪಟ್ಟಿ ರೂಪಿಸಿ, ಪಂದ್ಯಗಳನ್ನು ಗುರುವಾರದಿಂದ ಮಂಗಳವಾರದವರೆಗೆ ಹರಡಿತು. ಟಿ.ವಿ. ಹಕ್ಕುಗಳನ್ನು ಒಟ್ಟಾಗಿ ಮಾರುವುದು ಅದರ ಹಿಂದಿನ ದೊಡ್ಡ ಉದ್ದೇಶವಾಗಿತ್ತು, ಅದರಲ್ಲಿ ಮುಚ್ಚುಮರೆಯೇನೂ ಇರಲಿಲ್ಲ. ಆದರೆ ಪರಿಣಾಮ ಒಳ್ಳೆಯದೇ ಆಯಿತು, ಚೌಕಾಸಿ ನಿಂತಿತು. ಇದಕ್ಕಿಂತ ಮುಖ್ಯವಾದುದು ಗುಂಪು ಹಂಚಿಕೆಗೂ ಮುನ್ನ ಪ್ರಕಟವಾಗುವ ನಿರ್ಬಂಧಗಳ ಪಟ್ಟಿ. ಫಿನ್ಲೆಂಡ್, ಐಸ್‌ಲೆಂಡ್‌ಗಳಂಥ ಕಡುಚಳಿಯ ದೇಶಗಳು ಒಂದೇ ಗುಂಪಿನಲ್ಲಿ ಮಿತಿ ಮೀರಿ ಸೇರಬಾರದು. ಕಜಕಸ್ತಾನದಂಥ ದೂರದ ದೇಶಕ್ಕೆ ಪಯಣಿಸುವ ಹೊರೆ ಒಂದೇ ಗುಂಪಿನ ಮೇಲೆ ಬೀಳಬಾರದು. ಸ್ಪೇನ್–ಜಿಬ್ರಾಲ್ಟರ್, ಸರ್ಬಿಯಾ–ಕೊಸೊವೊ ಜೋಡಿಗಳು ಒಂದಾಗಬಾರದು; ಹಲವು ವರ್ಷ ಅರ್ಮೇನಿಯಾ–ಅಜರ್‌ಬೈಜಾನ್ ಜೋಡಿಗೂ ಈ ನಿಯಮವಿತ್ತು. ಈ ಕೊನೆಯ ನಿಯಮದ ಹಿಂದೆ ಒಂದು ಸೋಲಿದೆ. ಯುರೋ 2008ರ ಅರ್ಹತಾ ಸುತ್ತಿನಲ್ಲಿ ಅರ್ಮೇನಿಯಾ, ಅಜರ್‌ಬೈಜಾನ್ ಒಂದೇ ಗುಂಪಿಗೆ ಬಿದ್ದವು. ತಾಣದ ಬಗ್ಗೆ ಒಪ್ಪಂದವಾಗದೆ ಎರಡೂ ಪಂದ್ಯ ರದ್ದಾದವು, ಯಾರಿಗೂ ಅಂಕ ಸಿಗಲಿಲ್ಲ. ಅಂದರೆ ರಾಜಕೀಯದ ತೊಡಕನ್ನೂ ಮುಂಚಿತವಾಗಿ ಬರೆದಿಟ್ಟ ನಿಯಮಕ್ಕೆ ತರುವುದು ಸಾಧ್ಯ ಎಂದಾಯಿತು.

ತಾಣದ ವಿಷಯದಲ್ಲಿ ಫಿಫಾದ ದಾಖಲೆ ಇದಕ್ಕೆ ತದ್ವಿರುದ್ಧ. 1958ರ ವಿಶ್ವಕಪ್‌ಗೆ ಇಸ್ರೇಲ್ ವಿರುದ್ಧ ತಟಸ್ಥ ನೆಲದಲ್ಲಿ ಆಡುತ್ತೇವೆಂದು ಇಂಡೊನೇಷ್ಯಾ ಕೇಳಿತು. ಫಿಫಾ ಒಪ್ಪಲಿಲ್ಲ, ಇಂಡೊನೇಷ್ಯಾ ಹಿಂದೆ ಸರಿಯಿತು. 1965ರಲ್ಲಿ ಉತ್ತರ ಕೊರಿಯಾ–ಆಸ್ಟ್ರೇಲಿಯಾ ಪಂದ್ಯಗಳಿಗೆ ಅದೇ ಫಿಫಾ ತಟಸ್ಥ ನೆಲ ಒದಗಿಸಿತು. ಕಾಂಬೋಡಿಯದ ನೋಮ್ ಪೆನ್‌ನಲ್ಲಿ 6–1, 3–1ರಿಂದ ಗೆದ್ದ ಕೊರಿಯನ್ನರು ಮರುವರ್ಷ ಇಂಗ್ಲೆಂಡಿನಲ್ಲಿ ಇಟಲಿಯನ್ನೇ ಸೋಲಿಸಿ ಲೋಕವನ್ನು ಬೆರಗುಗೊಳಿಸಿದರು. 1973ರಲ್ಲಿ ಸೋವಿಯತ್ ಒಕ್ಕೂಟ ಚಿಲಿಯ ವಿರುದ್ಧ ತಟಸ್ಥ ತಾಣ ಕೇಳಿದಾಗ ಉತ್ತರ ಮತ್ತೆ ‘ಇಲ್ಲ’. ಸೆಪ್ಟೆಂಬರ್ 11ರ ಸೇನಾ ಕ್ರಾಂತಿಯ ನಂತರ ಸ್ಯಾಂಟಿಯಾಗೊದ ರಾಷ್ಟ್ರೀಯ ಕ್ರೀಡಾಂಗಣ ಸೆರೆಶಿಬಿರವಾಗಿತ್ತು, ಸಾವಿರಾರು ಜನರನ್ನು ಅಲ್ಲಿ ಕೂಡಿಹಾಕಿ ಹಿಂಸಿಸಲಾಗಿತ್ತು. ಫಿಫಾ ನಿಯೋಗ ಬಂದು ನೋಡಿ ಎಲ್ಲವೂ ಸರಿಯಿದೆ ಎಂದಿತು. ನವೆಂಬರ್ 21ರಂದು ಎದುರಾಳಿಯೇ ಇಲ್ಲದ ಮೈದಾನದಲ್ಲಿ ಚಿಲಿಯ ಆಟಗಾರರು ಖಾಲಿ ಗೋಲಿಗೆ ಚೆಂಡು ತಳ್ಳಿದರು. ಮೂರು ಮನವಿ, ಎರಡು ಬಗೆಯ ತೀರ್ಪು. ಇವುಗಳ ನಡುವೆ ಬರೆದಿಟ್ಟ ಅಳತೆಗೋಲು ಯಾವುದೂ ಕಾಣುವುದಿಲ್ಲ.

ಏಷ್ಯಾದ ಈಚಿನ ಚರಿತ್ರೆಯೂ ಇದೇ ಜಾಡಿನಲ್ಲಿದೆ. 2008ರಲ್ಲಿ ದಕ್ಷಿಣ ಕೊರಿಯಾದ ಬಾವುಟ ಮತ್ತು ರಾಷ್ಟ್ರಗೀತೆಗೆ ಪ್ಯಾಂಗ್ಯಾಂಗ್ ಒಪ್ಪದಿದ್ದಾಗ ಆ ತಂಡದ ವಿರುದ್ಧದ ಉತ್ತರ ಕೊರಿಯಾದ ತವರಿನ ಪಂದ್ಯಗಳು ಶಾಂಘೈಗೆ ಹೋದವು. 2019ರಲ್ಲಿ ಅದೇ ಎರಡು ತಂಡಗಳು ಪ್ಯಾಂಗ್ಯಾಂಗ್‌ನಲ್ಲೇ, ಪ್ರೇಕ್ಷಕರಿಲ್ಲದೆ, ನೇರ ಪ್ರಸಾರವಿಲ್ಲದೆ ಆಡಿದವು. ಇರಾಕ್ 2019ರ ಅಕ್ಟೋಬರ್‌ನಲ್ಲಿ ಬಸ್ರಾದಲ್ಲಿ ಹಾಂಗ್‌ಕಾಂಗ್ ವಿರುದ್ಧ ಆಡಿತು. ಮರುತಿಂಗಳೇ ಇರಾನ್ ವಿರುದ್ಧದ ಅದರ ‘ತವರಿನ’ ಪಂದ್ಯ ಜೋರ್ಡನ್‌ನ ಅಮ್ಮಾನ್‌ಗೆ ವರ್ಗವಾಯಿತು. ಅಫ್ಘಾನಿಸ್ತಾನ ಭಾರತವನ್ನು 2019ರಲ್ಲಿ ತಜಿಕಿಸ್ತಾನದ ದುಶಾಂಬೆಯಲ್ಲಿ, 2024ರಲ್ಲಿ ಸೌದಿ ಅರೇಬಿಯಾದ ಅಭಾದಲ್ಲಿ ಎದುರುಗೊಂಡಿತು. ತವರು ಎಂಬ ಮಾತಿಗೆ ಕನ್ನಡದಲ್ಲಿರುವ ಅರ್ಥವನ್ನು ನೆನೆದರೆ, ಇಂಥ ತಾಣಗಳನ್ನು ಆ ಹೆಸರಿನಿಂದ ಕರೆಯಲು ಮನಸ್ಸು ಬಾರದು. ಆಫ್ರಿಕಾದಲ್ಲಿ ಕಾರಣ ಬೇರೆ, ಫಲ ಒಂದೇ. ಕ್ರೀಡಾಂಗಣಗಳ ತಪಾಸಣೆ ಬಿಗಿಯಾದ ಮೇಲೆ ಹಲವು ದೇಶಗಳು ನೆರೆಹೊರೆಯಲ್ಲಿ ಮೈದಾನ ಹುಡುಕುವಂತಾಯಿತು. ಬುರ್ಕಿನಾ ಫಾಸೊ 2021ರಲ್ಲಿ ಅಲ್ಜೀರಿಯಾ ವಿರುದ್ಧದ ತನ್ನ ಪಂದ್ಯವನ್ನು ಮೊರೊಕ್ಕೊದ ಮರಾಕೆಶ್‌ನಲ್ಲಿ ಆಡಿ 1–1ರ ಸಮಬಲ ಸಾಧಿಸಿತು, ಕೊನೆಗೆ ಎರಡೇ ಅಂಕಗಳ ಅಂತರದಲ್ಲಿ ಅಲ್ಜೀರಿಯಾಕ್ಕಿಂತ ಹಿಂದುಳಿದು ಹೊರಬಿತ್ತು.

2025ರ ಅಕ್ಟೋಬರ್‌ನಲ್ಲಿ ತಾಣ, ದಿನಾಂಕ ಎರಡೂ ಒಂದೇ ಕೈಗೆ ಸಿಕ್ಕರೆ ಏನಾಗುತ್ತದೆಂದು ಏಷ್ಯಾ ಕಂಡಿತು. ನಾಲ್ಕನೇ ಸುತ್ತಿನಲ್ಲಿ ಮೂರು ಮೂರು ತಂಡಗಳ ಎರಡು ಗುಂಪು, ತಂಡಕ್ಕೆ ಎರಡೇ ಪಂದ್ಯ. ಮನೆಗೊಂದು ಸಲದ ಸೂತ್ರ ಕೈಬಿಟ್ಟು, ಒಂದು ಗುಂಪನ್ನು ಕತಾರ್‌ಗೆ, ಇನ್ನೊಂದನ್ನು ಸೌದಿ ಅರೇಬಿಯಾಕ್ಕೆ ಕೊಡಲಾಯಿತು. ಆ ಎರಡೂ ದೇಶಗಳು ಅದೇ ಗುಂಪುಗಳಲ್ಲಿ ಸ್ಪರ್ಧಿಗಳಾಗಿದ್ದವು. ಪಂದ್ಯಗಳು ನಡೆದದ್ದು ಅಕ್ಟೋಬರ್ 8, 11, 14ರಂದು. ಆತಿಥೇಯರು ಆಡಿದ್ದು 8 ಮತ್ತು 14ರಂದು, ನಡುವೆ ಆರು ದಿನಗಳ ಅಂತರ. 14ರಂದು ಅವರಿಗೆ ಎದುರಾದ ಯುಎಇ ಮತ್ತು ಇರಾಕ್‌ಗೆ ಸಿಕ್ಕ ಅಂತರ ಮೂರೇ ದಿನ. ಸಮಬಲ ಸಾಧಿಸಿದ್ದರೂ ಸಾಕಾಗಿದ್ದ ಯುಎಇ, ಕತಾರ್‌ಗೆ 1–2ರಿಂದ ಸೋತಿತು. ಇರಾಕ್ 0–0ರಲ್ಲಿ ಹೋರಾಡಿ, ಅಂಕ ಮತ್ತು ಗೋಲು ವ್ಯತ್ಯಾಸ ಎರಡರಲ್ಲೂ ಸೌದಿಗೆ ಸಮವಾಗಿದ್ದರೂ, ಹೊಡೆದ ಗೋಲುಗಳು ಕಡಿಮೆಯಿದ್ದ ಕಾರಣಕ್ಕೆ ನೇರ ಪ್ರವೇಶ ಕಳೆದುಕೊಂಡಿತು. ಆತಿಥೇಯರಿಬ್ಬರೂ ವಿಶ್ವಕಪ್ ತಲುಪಿದರು. ಅವರ ಆಟಗಾರರ ಶ್ರಮವನ್ನು ಇದರಿಂದ ಕಡಿಮೆ ಮಾಡಲಾಗದು. ಆದರೆ ಸ್ಪರ್ಧೆಯನ್ನು ಏರ್ಪಡಿಸಿದ ರೀತಿ ತಪ್ಪಾಗಿತ್ತು.

ಇದಕ್ಕೆ ಬರುವ ಆಕ್ಷೇಪಗಳನ್ನು ಹಗುರವಾಗಿ ತಳ್ಳುವಂತಿಲ್ಲ. ಮೈದಾನವೇ ಎಲ್ಲವೂ ಅಲ್ಲ ಎನ್ನುವವರಿಗೆ ಬಲವಾದ ಸಾಕ್ಷ್ಯವಿದೆ. ಅಭಾದಲ್ಲಿ ಭಾರತದೊಂದಿಗೆ 0–0ರಲ್ಲಿ ನಿಂತ ಅಫ್ಘಾನಿಸ್ತಾನ, ಐದೇ ದಿನಗಳ ಬಳಿಕ ಗುವಾಹಟಿಗೆ ಬಂದು ನಮ್ಮನ್ನು 2–1ರಿಂದ ಸೋಲಿಸಿತು. ಒಪ್ಪೋಣ. ಆದರೆ ಅನನುಕೂಲವನ್ನು ಒಬ್ಬರು ಮೆಟ್ಟಿ ನಿಂತರೆಂದು ಅನನುಕೂಲ ನ್ಯಾಯವಾಗುವುದಿಲ್ಲ. ಮೂರು ತಂಡಗಳ ಗುಂಪಿನಲ್ಲಿ ಯಾರಿಗಾದರೂ ಹೆಚ್ಚು ಬಿಡುವು ಸಿಗಲೇಬೇಕು ಎಂಬ ಮಾತೂ ಸರಿಯೇ. ಹಾಗಿದ್ದರೆ ತವರಿನ ಲಾಭ ಪಡೆದವರಿಗೇ ಬಿಡುವಿನ ಲಾಭವನ್ನೂ ಏಕೆ ಕೊಡಬೇಕು? ಯುದ್ಧ, ಗಲಭೆಗಳು ಹೇಳಿ ಬರುವುದಿಲ್ಲ, ಆಡಳಿತಕ್ಕೆ ಸ್ವಲ್ಪ ಸ್ವಾತಂತ್ರ್ಯ ಬೇಕು ಎಂಬುದೇ ಇವುಗಳಲ್ಲಿ ಗಟ್ಟಿಯಾದ ಆಕ್ಷೇಪ. ಕೆಡುಕು ಯಾವಾಗ ಬರುವುದೆಂದು ಯಾರೂ ಹೇಳಲಾರರು, ನಿಜ. ಬಂದಾಗ ಯಾರು, ಹೇಗೆ ತೀರ್ಮಾನಿಸಬೇಕು ಎಂಬುದನ್ನು ಮೊದಲೇ ಬರೆದಿಡಬಹುದು. 2009ರಲ್ಲಿ ಈಜಿಪ್ಟ್ ಮತ್ತು ಅಲ್ಜೀರಿಯಾ ಎಲ್ಲದರಲ್ಲೂ ಸಮವಾಗಿ ನಿಂತು ನಿರ್ಣಾಯಕ ಪಂದ್ಯ ಬೇಕಾದಾಗ ಎರಡೂ ದೇಶಗಳು ಒಂದೊಂದು ತಾಣ ಸೂಚಿಸಿದವು, ಚೀಟಿ ಎತ್ತಿ ಸುಡಾನ್ ಆಯ್ಕೆಯಾಯಿತು. ಕೈರೊದಲ್ಲಿ ಅಲ್ಜೀರಿಯಾ ತಂಡದ ಬಸ್ಸಿಗೆ ಕಲ್ಲು ಬಿದ್ದು, ಎರಡೂ ದೇಶಗಳು ಕುದಿಯುತ್ತಿದ್ದ ದಿನಗಳವು. ಆದರೂ ತಾಣದ ಆಯ್ಕೆಯಲ್ಲಿ ಪಕ್ಷಪಾತವಾಯಿತೆನ್ನಲು ಅವಕಾಶವಿರಲಿಲ್ಲ.

ಹಾಗಾಗಿ ಏಷ್ಯಾದ ಒಕ್ಕೂಟ ಮತ್ತು ಫಿಫಾ 2030ರ ಅರ್ಹತಾ ಸುತ್ತಿಗೆ ಮೊದಲು ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ. ಪ್ರತಿ ದೇಶವೂ ಗುಂಪು ಹಂಚಿಕೆಗೆ ಮುನ್ನವೇ ತನ್ನ ಬದಲಿ ಮೈದಾನವನ್ನು ಘೋಷಿಸಲಿ. ಒಂದೇ ಕಡೆ ಗುಂಪು ಆಡಿಸುವುದಾದರೆ ಆ ಗುಂಪಿನಲ್ಲಿ ಆಡದ ದೇಶದಲ್ಲಿ ಆಡಿಸಲಿ, ಅದು ಆಗದಿದ್ದರೆ ಕಡಿಮೆ ಬಿಡುವಿನ ಪಾಲು ಆತಿಥೇಯರದಾಗಲಿ. ಯುದ್ಧದಿಂದಾಗಿ ತವರು ಕಳೆದುಕೊಂಡ ತಂಡದ ಹೆಚ್ಚುವರಿ ಖರ್ಚನ್ನು ವಿಶ್ವಕಪ್‌ನ ಆದಾಯದಿಂದ ಭರಿಸಲಿ. ಕೊನೆಯದು ದಾನವೆಂದು ಯಾರಿಗಾದರೂ ಅನಿಸಿದರೆ ಪ್ಯಾಲೆಸ್ತೀನ್ ತಂಡ 2026ರ ಅರ್ಹತಾ ಸುತ್ತಿನಲ್ಲಿ ಸಾಗಿದ ದಾರಿಯನ್ನು ನೋಡಬೇಕು. ಅದರ ‘ತವರಿನ’ ಪಂದ್ಯಗಳು ಕುವೈತ್, ದೋಹಾ, ಕೌಲಾಲಂಪುರ ಮತ್ತು ಅಮ್ಮಾನ್‌ಗಳಲ್ಲಿ ನಡೆದವು. ಅಮ್ಮಾನ್‌ನಲ್ಲಿ ಅದು ದಕ್ಷಿಣ ಕೊರಿಯಾವನ್ನು 1–1ರಲ್ಲಿ ತಡೆಯಿತು, ಇರಾಕನ್ನು 2–1ರಿಂದ ಸೋಲಿಸಿತು. 2025ರ ಜೂನ್ 10ರಂದು ಅಲ್ಲಿಯೇ ಒಮಾನ್ ವಿರುದ್ಧ ಇಂಜುರಿ ಸಮಯದ ಏಳನೇ ನಿಮಿಷದಲ್ಲಿ ಪೆನಾಲ್ಟಿ ಗೋಲು ಬಿಟ್ಟುಕೊಟ್ಟು ಹೊರಬಿತ್ತು. ಜೆರುಸಲೇಮ್ ಬಳಿಯ ಅಲ್-ರಾಮ್‌ನಲ್ಲಿರುವ ಅದರ ಸ್ವಂತ ಕ್ರೀಡಾಂಗಣದಲ್ಲಿ ಆ ಇಡೀ ಸುತ್ತಿನ ಒಂದು ಪಂದ್ಯವೂ ನಡೆಯಲಿಲ್ಲ.