ಡಿಸ್ಟ್ರಿಬ್ಯೂಟರ್ ಬದಲಿಸಿದರೆ ಪವರ್ ಹೆಚ್ಚುತ್ತದೆಯೇ? ರೆವ್ ಲಿಮಿಟರ್ ಇಂಜಿನ್ನನ್ನು ಕಾಪಾಡುತ್ತದೆಯೇ?

ಗಾಳಿಯಿಂದ ತಣಿಯುವ ಇಂಜಿನ್ನಿನ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್, ಪೋರ್ಷೆ 911 ಇಟ್ಟುಕೊಂಡವರ ನಡುವೆ ಎರಡು ನಂಬಿಕೆಗಳು ಬಹಳ ಕಾಲದಿಂದ ಓಡಾಡುತ್ತಿವೆ. ಒಂದು, ಕಂಪನಿ ಕೊಟ್ಟ ಡಿಸ್ಟ್ರಿಬ್ಯೂಟರ್ ತೆಗೆದು ಬೇರೆಯದನ್ನು ಹಾಕಿದರೆ ಪವರ್ ಜಾಸ್ತಿಯಾಗುತ್ತದೆ ಎಂಬುದು. ಇನ್ನೊಂದು, ರೆವ್ ಲಿಮಿಟರ್ ಇದ್ದರೆ ಇಂಜಿನ್ ಮಿತಿ ಮೀರಿ ತಿರುಗಲು ಸಾಧ್ಯವೇ ಇಲ್ಲ ಎಂಬುದು. ಮೊದಲನೆಯದು ಬಹುಮಟ್ಟಿಗೆ ತಪ್ಪು. ಎರಡನೆಯದು ಅರ್ಧಸತ್ಯ, ಹಾಗಾಗಿ ಹೆಚ್ಚು ಅಪಾಯಕಾರಿ.

ಕಿಡಿ ಯಾವಾಗ ಹೊತ್ತಬೇಕು?

ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿಯ ಬಾನೆಟ್ ಎತ್ತಿ ನೋಡಿದವರಿಗೆ ದಪ್ಪ ವೈರುಗಳು ಹೊರಟ ಒಂದು ಮುಚ್ಚಳ ನೆನಪಿರಬಹುದು. ಅದರ ಕೆಳಗಿರುವುದೇ ಡಿಸ್ಟ್ರಿಬ್ಯೂಟರ್. ಒಳಗೆ ತಿರುಗುವ ರೋಟರ್, ಕಾಯಿಲ್‌ನಿಂದ ಬಂದ ಹೈವೋಲ್ಟೇಜ್ ವಿದ್ಯುತ್ತನ್ನು ಸರದಿಯಂತೆ ಒಂದೊಂದು ಸ್ಪಾರ್ಕ್ ಪ್ಲಗ್‌ಗೆ ಹಂಚುತ್ತದೆ. ಹಂಚುವುದಕ್ಕಿಂತ ಮುಖ್ಯವಾದ ಕೆಲಸ ಕಿಡಿಯ ಸಮಯವನ್ನು ನಿರ್ಧರಿಸುವುದು.

ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಉರಿಯಲು ಸ್ವಲ್ಪ ಸಮಯ ಬೇಕು. ಇಂಜಿನ್ 3,000 ಆರ್‌ಪಿಎಂನಲ್ಲಿರುವಾಗ ಒಂದು ಮಿಲಿಸೆಕೆಂಡಿನಲ್ಲಿ ಕ್ರ್ಯಾಂಕ್ 18 ಡಿಗ್ರಿ ತಿರುಗಿರುತ್ತದೆ. ಆದ್ದರಿಂದ ವೇಗ ಹೆಚ್ಚಿದಂತೆ ಕಿಡಿ ಮುಂಚಿತವಾಗಿ ಹೊತ್ತಬೇಕು. ಇದನ್ನು ಅಡ್ವಾನ್ಸ್ ಎನ್ನುತ್ತಾರೆ. ಡಿಸ್ಟ್ರಿಬ್ಯೂಟರ್ ಒಳಗಿನ ಸ್ಪ್ರಿಂಗ್ ಕಟ್ಟಿದ ತೂಕಗಳು ವೇಗಕ್ಕೆ ತಕ್ಕಂತೆ ಹೊರಗೆ ಸರಿದು ಈ ಕೆಲಸ ಮಾಡುತ್ತವೆ. ಪಕ್ಕದಲ್ಲಿರುವ ವ್ಯಾಕ್ಯೂಮ್ ಡಬ್ಬಿ ಇಂಜಿನ್ ಮೇಲಿನ ಲೋಡ್ ನೋಡಿ ಅಡ್ವಾನ್ಸ್ ಹೊಂದಿಸುತ್ತದೆ. ಆಕ್ಸಿಲರೇಟರ್ ಹಗುರವಾಗಿ ಒತ್ತಿ ಸಮವೇಗದಲ್ಲಿ ಹೋಗುವಾಗ ಮಿಶ್ರಣ ನಿಧಾನವಾಗಿ ಉರಿಯುತ್ತದೆ, ಆಗ ಕಿಡಿ ಇನ್ನಷ್ಟು ಬೇಗ ಬೇಕು.

ಗಾಳಿಯಿಂದ ತಣಿಯುವ ಇಂಜಿನ್ನಿಗೆ ಈ ಲೆಕ್ಕ ತಪ್ಪಿದರೆ ಹೆಚ್ಚು ಕಷ್ಟ. ಅಡ್ವಾನ್ಸ್ ಅತಿಯಾದರೆ ನಾಕಿಂಗ್ ಶುರುವಾಗಿ ಸಿಲಿಂಡರ್ ಹೆಡ್ ಕಾಯುತ್ತದೆ, ಪಿಸ್ಟನ್ ಹಾಳಾಗುತ್ತದೆ. ಬೀಟಲ್‌ನಲ್ಲಿ ಉಷ್ಣತೆ ತೋರಿಸುವ ಮೀಟರೂ ಇಲ್ಲ. ಇಂಜಿನ್ ಹಿಂದೆ, ಫ್ಯಾನ್ ಸದ್ದು ಜೋರು, ಹಾಗಾಗಿ ನಾಕಿಂಗ್ ಚಾಲಕರ ಕಿವಿಗೆ ಬೀಳದೇ ಹೋಗಬಹುದು. ಆಯಿಲ್ ಕೂಲರ್ ಅಡ್ಡ ನಿಂತು ಗಾಳಿ ಕಡಿಮೆ ಸಿಗುತ್ತಿದ್ದ ಮೂರನೇ ಸಿಲಿಂಡರ್‌ಗೆ ಮಾತ್ರ ಕಿಡಿಯನ್ನು ಕೆಲವು ಡಿಗ್ರಿ ತಡವಾಗಿ ಕೊಡುವ ಡಿಸ್ಟ್ರಿಬ್ಯೂಟರ್‌ಗಳನ್ನೂ ಫೋಕ್ಸ್‌ವ್ಯಾಗನ್ ಬಳಸಿತ್ತು ಎಂದರೆ ಸಮಸ್ಯೆಯ ಸೂಕ್ಷ್ಮ ಅರ್ಥವಾಗುತ್ತದೆ.

'009' ಎಂಬ ಜನಪ್ರಿಯ ಬದಲಾವಣೆ

ಬೀಟಲ್ ಪ್ರಿಯರಲ್ಲಿ ಬಾಷ್ ಕಂಪನಿಯ '009' ಡಿಸ್ಟ್ರಿಬ್ಯೂಟರ್‌ಗೆ ದೊಡ್ಡ ಹೆಸರು. ಇದರಲ್ಲಿ ತೂಕಗಳಷ್ಟೇ ಇವೆ, ವ್ಯಾಕ್ಯೂಮ್ ಡಬ್ಬಿ ಇಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಕಂಪನಿಯ ಕಾರ್ಬುರೇಟರ್ ಉಳಿಸಿಕೊಂಡು ಇದನ್ನು ಹಾಕಿದರೆ, ಸಿಗ್ನಲ್‌ನಲ್ಲಿ ನಿಂತು ಹೊರಡುವಾಗ ಇಂಜಿನ್ ಒಂದು ಕ್ಷಣ ಮುಗ್ಗರಿಸುತ್ತದೆ. ಕಾರ್ಬುರೇಟರ್ ನಿರೀಕ್ಷಿಸುವ ಅಡ್ವಾನ್ಸ್ ಆ ಕ್ಷಣಕ್ಕೆ ಸಿಗುವುದಿಲ್ಲ. ಪವರ್ ಹೆಚ್ಚಾಯಿತು ಅನಿಸುವುದು ಹೇಗೆ? ಹಳೆಯ ಡಿಸ್ಟ್ರಿಬ್ಯೂಟರ್ ಸವೆದಿರುತ್ತದೆ, ವ್ಯಾಕ್ಯೂಮ್ ಡಬ್ಬಿ ತೂತಾಗಿರುತ್ತದೆ. ಅದರ ಜಾಗಕ್ಕೆ ಯಾವ ಹೊಸದು ಬಂದರೂ ಕಾರು ಚುರುಕಾಗುತ್ತದೆ. ದಿನನಿತ್ಯ ರಸ್ತೆಯಲ್ಲಿ ಓಡಿಸುವ ಕಾರಿಗೆ ತೂಕ, ವ್ಯಾಕ್ಯೂಮ್ ಎರಡೂ ಇರುವ ಡಿಸ್ಟ್ರಿಬ್ಯೂಟರ್ರೇ ವಾಸಿ.

ನಿಜವಾದ ಲಾಭ ಇರುವುದು ಸಿ.ಬಿ. ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಸೆನ್ಸರ್ ಹಾಕುವುದರಲ್ಲಿ. ಪಾಯಿಂಟ್‌ನ ಗ್ಯಾಪ್ ಸುಮಾರು 0.4 ಮಿ.ಮೀ. ಕ್ಯಾಮ್‌ಗೆ ಉಜ್ಜುವ ಭಾಗ ಸವೆದಂತೆ ಗ್ಯಾಪ್ ಕಿರಿದಾಗಿ ಕಿಡಿ ತಡವಾಗುತ್ತಾ ಹೋಗುತ್ತದೆ. ಸೆನ್ಸರ್‌ಗೆ ಈ ಸವೆತವಿಲ್ಲ. ಇಲ್ಲಿಯೂ ಸಿಗುವುದು ಹೊಸ ಪವರ್ ಅಲ್ಲ, ಇದ್ದ ಪವರ್ ಕೈತಪ್ಪದಿರುವುದು.

ರೋಟರ್ ಒಳಗಿನ ಲಿಮಿಟರ್

ಕಂಪ್ಯೂಟರ್ ಇಲ್ಲದ ಕಾಲದ ರೆವ್ ಲಿಮಿಟರ್ ಬಲು ಸರಳ. ರೋಟರ್ ಮೇಲೆಯೇ ಸ್ಪ್ರಿಂಗ್ ಹಿಡಿದ ಒಂದು ಸಣ್ಣ ತೂಕ ಇರುತ್ತದೆ. ಮಿತಿ ತಲುಪಿದಾಗ ಕೇಂದ್ರಾಪಗಾಮಿ ಬಲಕ್ಕೆ ಅದು ಹೊರಗೆ ಸರಿದು, ಪ್ಲಗ್‌ಗೆ ಹೋಗಬೇಕಿದ್ದ ವಿದ್ಯುತ್ತನ್ನು ಶಾಫ್ಟ್ ಮೂಲಕ ಅರ್ಥ್ ಮಾಡುತ್ತದೆ. ಕಿಡಿ ನಿಲ್ಲುತ್ತದೆ, ವೇಗ ಇಳಿಯುತ್ತದೆ, ತೂಕ ಮರಳಿ ಬರುತ್ತದೆ. ಈ ಬಲ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ವೇಗ 10% ಹೆಚ್ಚಿದರೆ ಬಲ 21% ಹೆಚ್ಚುತ್ತದೆ. ಇಷ್ಟು ಸಣ್ಣ ಸ್ಪ್ರಿಂಗ್ ಭರವಸೆಯಿಂದ ಕೆಲಸ ಮಾಡುವುದು ಅದಕ್ಕೇ. ಫೋಕ್ಸ್‌ವ್ಯಾಗನ್ ಬಸ್‌ಗೆ 5,400 ಆರ್‌ಪಿಎಂ ಮಿತಿಯ ರೋಟರ್ ಇತ್ತು. 911ರ ಹಳೆಯ ಮಾದರಿಗಳಲ್ಲೂ ಇದೇ ವ್ಯವಸ್ಥೆ.

ಸ್ಪ್ರಿಂಗ್ ಹಳತಾದರೆ ಕಿಡಿ ಮಿತಿಗಿಂತ ಮೊದಲೇ ನಿಲ್ಲಬಹುದು. ಪೆಟ್ರೋಲ್ ಸಾಲುತ್ತಿಲ್ಲವೇನೋ ಎಂಬಂತೆ ಕಾರು ತಡವರಿಸುತ್ತದೆ, ಮಾಲೀಕರು ಕಾರ್ಬುರೇಟರ್ ಬಿಚ್ಚಿ ಕೂರುತ್ತಾರೆ! ಆದರೆ ಪವರ್‌ಗಾಗಿ ಲಿಮಿಟರ್ ಇಲ್ಲದ ರೋಟರ್ ಹಾಕುವುದರಲ್ಲಿ ಅರ್ಥವಿಲ್ಲ. 34 ಅಶ್ವಶಕ್ತಿಯ 1200 ಸಿಸಿ ಬೀಟಲ್ ಇಂಜಿನ್ ತನ್ನ ಗರಿಷ್ಠ ಶಕ್ತಿ ಕೊಡುವುದು 3,600 ಆರ್‌ಪಿಎಂನಲ್ಲಿ. ಅದರಾಚೆ ಸದ್ದು ಏರುತ್ತದೆ, ಶಕ್ತಿ ಇಳಿಯುತ್ತದೆ.

ಕಿಡಿ ನಿಂತರೂ ಪೆಟ್ರೋಲ್ ನಿಲ್ಲುವುದಿಲ್ಲ ಎಂಬುದು ಇದರ ಇನ್ನೊಂದು ಕೊರತೆ. ಉರಿಯದ ಮಿಶ್ರಣ ಸೈಲೆನ್ಸರ್ ಸೇರಿ ಅಲ್ಲಿ ಢಬ್ ಎನ್ನುತ್ತದೆ. 1984ರ ಮಾದರಿಯ 911 ಕರೇರಾ 3.2ರಲ್ಲಿ ಮೋಟ್ರಾನಿಕ್ ಕಂಪ್ಯೂಟರ್ ಬಂದ ಮೇಲೆ ಮಿತಿಯಲ್ಲಿ ಪೆಟ್ರೋಲನ್ನೇ ತಡೆಯುವುದು ಸಾಧ್ಯವಾಯಿತು.

ಲಿಮಿಟರ್ ಕೈಚೆಲ್ಲುವ ಜಾಗ

ಲಿಮಿಟರ್ ತಡೆಯುವುದು ಇಂಜಿನ್ ತಾನಾಗಿ ವೇಗ ಏರಿಸುವುದನ್ನು ಮಾತ್ರ. ಚಕ್ರಗಳೇ ಇಂಜಿನ್ನನ್ನು ತಿರುಗಿಸಿದರೆ ಅದು ಏನೂ ಮಾಡಲಾರದು. ಬೀಟಲ್‌ನ ನಾಲ್ಕನೇ ಗೇರ್ ಅನುಪಾತ 0.89, ಎರಡನೆಯದು 2.06. ಇಳಿಜಾರಿನಲ್ಲಿ ನಾಲ್ಕನೇ ಗೇರ್‌ನಲ್ಲಿ 3,000 ಆರ್‌ಪಿಎಂ ಇರುವಾಗ ನೇರ ಎರಡಕ್ಕೆ ಹಾಕಿ ಕ್ಲಚ್ ಬಿಟ್ಟರೆ ಇಂಜಿನ್ 7,000 ಆರ್‌ಪಿಎಂ ಹತ್ತಿರ ಹೋಗುತ್ತದೆ. ಕಿಡಿ ಇದ್ದರೇನು, ಇಲ್ಲದಿದ್ದರೇನು? ಆ ವೇಗಕ್ಕೆ ವಾಲ್ವ್ ಸ್ಪ್ರಿಂಗ್‌ಗಳು ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ಮುಚ್ಚಲಾರವು. ವಾಲ್ವ್‌ಗೆ ಪಿಸ್ಟನ್ ತಗುಲಿದರೆ ಇಂಜಿನ್ ಬಿಚ್ಚಲೇಬೇಕು. ಪ್ರೋಗ್ರಾಂ ಮಾಡಬಹುದಾದ ಇಂದಿನ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್‌ಗಳ ಲಿಮಿಟರ್‌ಗೂ ಇದೇ ಮಾತು ಅನ್ವಯ.

ಒಂದರ ಬದಲು ಎರಡು

1989ರಲ್ಲಿ ಬಂದ ಪೋರ್ಷೆ 964ರಲ್ಲಿ ಪ್ರತಿ ಸಿಲಿಂಡರ್‌ಗೆ ಎರಡು ಪ್ಲಗ್, ಅದಕ್ಕಾಗಿ ಜೋಡಿ ಡಿಸ್ಟ್ರಿಬ್ಯೂಟರ್. ಮೊದಲನೆಯದು ಒಂದು ಪುಟ್ಟ ಬೆಲ್ಟಿನಿಂದ ಎರಡನೆಯದನ್ನು ತಿರುಗಿಸುತ್ತದೆ. ಕಿಡಿಯಿಂದ ಹುಟ್ಟುವ ಓಝೋನ್ ಒಳಗೇ ಉಳಿದು ಬೆಲ್ಟನ್ನು ತಿನ್ನುತ್ತದೆ. ಆ ಗಾಳಿಯನ್ನು ಹೊರಹಾಕುವ ಕೊಳವೆಯನ್ನು ಆಮೇಲೆ ಸೇರಿಸಲಾಯಿತು. ಬೆಲ್ಟ್ ತುಂಡಾದರೂ ಕಾರು ಓಡುತ್ತಲೇ ಇರುತ್ತದೆ. ಆದರೆ ನಿಂತುಹೋದ ಎರಡನೇ ರೋಟರ್ ಎಲ್ಲ ಕಿಡಿಗಳನ್ನೂ ಒಂದೇ ಸಿಲಿಂಡರ್‌ಗೆ ಹೊತ್ತಲ್ಲದ ಹೊತ್ತಿನಲ್ಲಿ ಕಳಿಸಿ ಅದನ್ನು ಹಾಳುಮಾಡಬಹುದು. ಪರೀಕ್ಷೆ ಸುಲಭ. ಇಂಜಿನ್ ಆಫ್ ಮಾಡಿ, ಎರಡನೇ ಡಿಸ್ಟ್ರಿಬ್ಯೂಟರ್‌ನ ಮುಚ್ಚಳ ತೆಗೆದು ರೋಟರನ್ನು ಬೆರಳಿನಿಂದ ತಿರುಗಿಸಿ ನೋಡಬೇಕು. ತಡೆಯಿಲ್ಲದೆ ಸಲೀಸಾಗಿ ತಿರುಗಿದರೆ ಬೆಲ್ಟ್ ಹೋಗಿದೆ.