ಬ್ಯಾರಿ ಫಿಟ್ಜ್‌ಜೆರಾಲ್ಡ್

ಬ್ಯಾರಿ ಫಿಟ್ಜ್‌ಜೆರಾಲ್ಡ್ (1888–1961): ಐರಿಷ್ ರಂಗಭೂಮಿ ಮತ್ತು ಚಲನಚಿತ್ರ ನಟ. ಹುಟ್ಟಿದ್ದು, ತೀರಿಕೊಂಡದ್ದು ಎರಡೂ ಡಬ್ಲಿನ್‌ನಲ್ಲೇ. ನಿಜನಾಮ ವಿಲಿಯಂ ಜೋಸೆಫ್ ಶೀಲ್ಡ್ಸ್. ಹಗಲು ಸರ್ಕಾರಿ ನೌಕರಿ, ಸಂಜೆ ಆ್ಯಬಿ ಥಿಯೇಟರಿನಲ್ಲಿ ಬಣ್ಣ. ಷಾನ್ ಓಕೇಸಿಯ ‘ಜೂನೋ ಅಂಡ್ ದ ಪೇಕಾಕ್’ (1924) ನಾಟಕದ ಕ್ಯಾಪ್ಟನ್ ಬಾಯ್ಲ್ ಪಾತ್ರ ಹೆಸರು ತಂದಿತು.

‘ಗೋಯಿಂಗ್ ಮೈ ವೇ’ (1944) ಚಿತ್ರದ ವೃದ್ಧ ಪಾದ್ರಿಯ ಒಂದೇ ಪಾತ್ರಕ್ಕೆ ನಾಯಕ ನಟ, ಪೋಷಕ ನಟ ಎರಡೂ ವಿಭಾಗಗಳಲ್ಲಿ ಆಸ್ಕರ್ ನಾಮನಿರ್ದೇಶನ ಪಡೆದ ಅಪರೂಪದ ನಟ ಇವರು. ಕೈಸೇರಿದ್ದು ಪೋಷಕ ನಟ ಪ್ರಶಸ್ತಿ. ಒಂದೇ ಪಾತ್ರಕ್ಕೆ ಹೀಗೆ ಎರಡು ನಾಮನಿರ್ದೇಶನ ಮತ್ತೆ ಆಗದಂತೆ ಆಸ್ಕರ್ ನೀಡುವ ಅಕಾಡೆಮಿ ನಿಯಮವನ್ನೇ ಬದಲಿಸಿತು. ಯುದ್ಧಕಾಲದಲ್ಲಿ ಲೋಹದ ಅಭಾವದಿಂದ ಪ್ಲಾಸ್ಟರಿನಲ್ಲಿ ಮಾಡಿದ್ದ ಆ ಆಸ್ಕರ್ ಪ್ರತಿಮೆಯ ತಲೆ, ಅವರು ಮನೆಯಲ್ಲಿ ಗಾಲ್ಫ್ ಅಭ್ಯಾಸ ಮಾಡುವಾಗ ಹಾರಿಹೋಯಿತು.

ಜಾನ್ ಫೋರ್ಡ್ ನಿರ್ದೇಶನದ ‘ದ ಕ್ವಯಟ್ ಮ್ಯಾನ್’ (1952) ಚಿತ್ರದಲ್ಲಿ ಸದಾ ಬಾಯಾರಿದ ಮದುವೆ ದಲ್ಲಾಳಿ ಮೈಕೆಲೀನ್ ಆಗಿ ಅವರ ಹಾಸ್ಯ ಪಕ್ವವಾಗಿ ಅರಳಿದೆ. ಅದೇ ಚಿತ್ರದಲ್ಲಿ ಸೋದರ ಆರ್ಥರ್ ಶೀಲ್ಡ್ಸ್ ಕೂಡ ನಟಿಸಿದ್ದಾರೆ.